ಅವನು ಕೊಡದ ಫೋಟೊ

"ಏಯ್... ಬಗ್ಗಬೇಡಿ! ಹೇಳಿದ್ದು ಕೇಳ್ತದಾ ನಿಮಗೆ?"

ವಿನುತಾ ಕೂಗಿ ಮುಗಿಸುವಷ್ಟರಲ್ಲಿ ದೋಣಿ ಒಂದು ಬದಿಗೆ ವಾಲಿಯೇ ಬಿಟ್ಟಿತು. ಶಾಲೆ ಮಕ್ಕಳೆಲ್ಲ ಒಟ್ಟಿಗೆ ಚೀರಿದರು. ದೋಣಿಯ ಅಂಚಿನಾಚೆ ಅರ್ಧ ಮೈ ಚಾಚಿ ಕ್ಯಾಮೆರಾ ಹಿಡಿದಿದ್ದವನ ಅಂಗಿಯ ಕಾಲರನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದಳು.

ಧೊಪ್ಪೆಂದು ಅವಳ ಕಾಲ ಬುಡದಲ್ಲೇ ಬಿದ್ದ!

"ಮಿಂಚುಳ್ಳಿ... ಬಾಯಲ್ಲಿ ಮೀನಿತ್ತು..." ಎಂದ, ಇನ್ನೂ ಆಕಾಶ ನೋಡುತ್ತ.

"ನಿಮ್ಮ ಮಿಂಚುಳ್ಳಿಗೆ ರೆಕ್ಕೆ ಅದೆ. ಈ ಮಕ್ಕಳಿಗೆ ಅದ್ಯಾ?"

ಅವನು ಎದ್ದು ಕುಳಿತು ಮಕ್ಕಳನ್ನು ನೋಡಿದ. ಮುಖ ಬಿಳುಚಿತು.

"ಇವರಿಗೆ ಲೈಫ್ ಜಾಕೆಟ್ ಇಲ್ವಾ?"

"ಇಲ್ಲ. ದಿನಾ ಹೀಗೇ ದಾಟೂದು."

ವಿನುತಾ ಶರಾವತಿಯ ನಡುಗಡ್ಡೆಯ ಹುಡುಗಿ. ಹೊನ್ನಾವರದ ದಡದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಬೆಳಿಗ್ಗೆ ಮಕ್ಕಳ ಜೊತೆ ದಾಟಿ, ಸಂಜೆ ಮಕ್ಕಳ ಜೊತೆಯೇ ಮರಳುತ್ತಿದ್ದಳು. ದೋಣಿ ಅಲುಗಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಅವಳ ಗೆಳತಿ ಪವಿತ್ರಾ ಊರಿನ ಹವ್ಯಾಸಿ ಛಾಯಾಗ್ರಾಹಕರ ಕ್ಲಬ್ಬಿನ ಕಾರ್ಯದರ್ಶಿ. ಇಬ್ಬರೂ ಸೇರಿ ಒಂದು ಉಪಾಯ ಹೂಡಿದ್ದರು. ಫೋಟೊಗಳ ಹರಾಜು! ಬಂದ ದುಡ್ಡಿಗೆಲ್ಲ ಲೈಫ್ ಜಾಕೆಟ್.

ಆದರೆ ಫೋಟೊ ಕೊಡುವವರು ಬೇಕಲ್ಲ?

ವಿನುತಾ ಚೀಲದಿಂದ ಒಂದು ಕರಪತ್ರ ತೆಗೆದು ಅವನ ಎದೆಗೇ ಒತ್ತಿದಳು. "ದೋಣಿ ಅಲ್ಲಾಡಿಸಿದ್ದಕ್ಕೆ ದಂಡ. ಒಂದು ಫೋಟೊ ದಾನ ಕೊಡಿ."

ಅವನು ಓದಿ ಮೆಲ್ಲಗೆ ನಕ್ಕ. "ಒಂದೇ ಸಾಕಾ?"

ಅಯ್ಯೋ... ಈ ನಗು ಇಷ್ಟು ಚಂದ ಇರಬೇಕಿತ್ತಾ! ಅವಳು ಬೇಗ ನದಿಯ ಕಡೆ ತಿರುಗಿಕೊಂಡಳು.

ಹೆಸರು ಸುಹಾಸ. ಕುಮಟಾದಲ್ಲಿ ದನದ ಡಾಕ್ಟರು. ಆ ವಾರದಿಂದಲೇ, ರಜೆ ಸಿಕ್ಕಾಗಲೆಲ್ಲ ಅವನ ಬೈಕಿನ ಹಿಂದೆ ಕುಳಿತು ವಿನುತಾ ಫೋಟೊ ಬೇಡಲು ಹೊರಟಳು.

ಬೇಡುವುದೇನು ಸುಲಭವೇ? ಎಲ್ಲರದೂ ಒಂದೇ ರಾಗ. "ನಮ್ಮ ಫೋಟೊ ಯಾರು ತಗಂತ್ರು?"

ಭಟ್ಕಳದ ಮಾಲತಮ್ಮ ಬಿಸಿಲಿಗೆ ಒಣಗಿಸಿದ ಹಲಸಿನ ಹಪ್ಪಳಗಳ ಫೋಟೊವನ್ನು ಮಾಳಿಗೆಯ ಮೇಲಿಂದ ತೆಗೆದಿದ್ದರು. ಚಂದ್ರರ ಸಂತೆಯೇ ನೆರೆದ ಹಾಗಿತ್ತು.

"ಹಪ್ಪಳದ ಫೋಟೊ ಹರಾಜಿಗಾ? ನಮ್ಮ ಅತ್ತಿಗೆ ನಗೂದಿಲ್ವಾ?"

"ಅತ್ತಿಗೆಯವರನ್ನೂ ಹರಾಜಿಗೆ ಕರೀರಿ. ನಕ್ಕವರೇ ಜಾಸ್ತಿ ಕೂಗ್ತ್ರು!" ಎಂದ ಸುಹಾಸ. ಮಾಲತಮ್ಮ ಕೊಟ್ಟೇಬಿಟ್ಟರು, ಜೊತೆಗೆ ಒಂದು ಕಟ್ಟು ಹಪ್ಪಳವನ್ನೂ.

ಮುರ್ಡೇಶ್ವರದ ಜಟ್ಟ ಮೀನು ಬೋಟಿನವನು. ಸಮುದ್ರದ ನಡುವೆ ಬೆಳಗಾಗುವುದನ್ನು ಮೊಬೈಲಿನಲ್ಲಿ ಹಿಡಿದಿದ್ದ.

"ನಂದೆಂತ ಫೋಟೊ ಮಾರಾಯ್ರೆ! ಮೊಬೈಲ್ ಗ್ಲಾಸೇ ಒಡ್ದೋಗದೆ."

"ಗ್ಲಾಸ್ ಒಡೆದ್ರೆ ಒಡೀಲಿ ಜಟ್ಟಣ್ಣ. ಈ ಬೆಳಕು ದಡದಲ್ಲಿ ಕೂತ ನಮಗೆ ಯಾವ ಜನ್ಮದಲ್ಲಿ ಕಾಣ್ಬೇಕು? ನೀವು ತೋರಿಸ್ದಿದ್ರೆ ಇಲ್ಲ," ಎಂದಳು ವಿನುತಾ.

ಜಟ್ಟ ನಾಚಿ ತಲೆ ಕೆರೆದುಕೊಂಡ. "ಆತು ಬಿಡಿ... ತಕಳಿ."

ಹಿಂದಿರುಗುವಾಗ ಟೀ ಅಂಗಡಿಯಲ್ಲಿ ಸುಹಾಸ ಕ್ಯಾಮೆರಾದಲ್ಲಿದ್ದ ಒಂದು ಫೋಟೊ ತೋರಿಸಿದ. "ನಾನು ಕೊಡೂದು ಇದು."

ಕುಮಟಾ ಸಂತೆ. ಹಾಲಕ್ಕಿ ಬುಡಕಟ್ಟಿನ ಅಜ್ಜಿಯೊಬ್ಬಳು ಸಿಹಿ ಈರುಳ್ಳಿಯ ಗೊಂಚಲುಗಳ ಮೇಲೆ ತಲೆ ಇಟ್ಟು ಮೈಮರೆತು ನಿದ್ದೆ ಹೋಗಿದ್ದಳು. ಕೊರಳಲ್ಲಿ ಕರಿಮಣಿ ಸರಗಳು. ತೆರೆದ ಬಾಯಿ. ಕೆನ್ನೆಯ ಮೇಲೆ ಒಂದು ತುಂಡು ಬಿಸಿಲು.

ವಿನುತಾಳ ಕಣ್ಣು ತುಂಬಿತು. ಇಷ್ಟು ಮೃದುವಾಗಿ ನೋಡಬಲ್ಲವನ ಮನಸ್ಸು ಇನ್ನೆಷ್ಟು ಮೃದುವೋ...

"ಇದೇ ನಮ್ಮ ಹರಾಜಿನ ರಾಣಿ!" ಎಂದಳು. ಮರುದಿನವೇ ಊರಿಗೆಲ್ಲ ಸಾರಿದಳು.

ಆದರೆ ಹರಾಜಿಗೆ ಮುಂಚಿನ ಕ್ಲಬ್ಬಿನ ಕೊನೆಯ ಸಭೆಗೆ ಸುಹಾಸ ಬರಿಗೈಯಲ್ಲಿ ಬಂದ.

"ಆ ಫೋಟೊ ಕೊಡೂಕಾಗೂದಿಲ್ಲ. ಬೇರೆ ಯಾವುದು ಬೇಕಾದ್ರೂ..."

"ಯಾಕೆ?"

ಅವನು ತಲೆ ತಗ್ಗಿಸಿದ. "ಹೇಳೂಕಾಗೂದಿಲ್ಲ."

ಪವಿತ್ರಾ ವಿನುತಾಳ ಕಿವಿಯಲ್ಲಿ ಉಸುರಿದಳು. "ಯಾವುದೋ ರೆಸಾರ್ಟಿನವ್ರು ಇವ್ರ ಫೋಟೊ ಕೇಳ್ತಿದ್ರಂತೆ. ಕೊಟ್ಟಿರ್ಬೇಕು..."

ಹಾಗಾದರೆ ಇಷ್ಟು ದಿನದ ಓಡಾಟ, ಆ ನಗು... ಎಲ್ಲ ಬರೀ ಹೊತ್ತು ಕಳೆಯಲಿಕ್ಕಾ?

"ಮಾರಿದ್ರೆ ಮಾರಿದೆ ಅಂತ ಹೇಳಿ!" ಎಲ್ಲರೆದುರು ವಿನುತಾಳ ದನಿ ಏರಿತು. "ಮಕ್ಕಳ ಜೀವಕ್ಕಿಂತ ರೆಸಾರ್ಟಿನ ಗೋಡೆ ದೊಡ್ಡದಾಯ್ತಾ ನಿಮಗೆ?"

ಸುಹಾಸ ಒಮ್ಮೆ ಅವಳನ್ನೇ ನೋಡಿದ. ಎದ್ದು ಹೊರಗೆ ನಡೆದ.

ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಕೋಪ ಅವನ ಮೇಲೋ, ಅವನ ಬೈಕಿನ ಸದ್ದಿಗೆ ಇನ್ನೂ ಕಿವಿಗೊಡುವ ತನ್ನ ಮೇಲೋ!

ಶನಿವಾರ ಕುಮಟಾ ಪೇಟೆಯಲ್ಲಿ ಕರಪತ್ರ ಹಂಚುತ್ತಿದ್ದಾಗ ಯಾರೋ ಕೂಗಿದರು. "ತಂಗೀ, ಎಂತದೇ ಅದು? ಸಿನಿಮಾದ್ದಾ?"

ತಿರುಗಿ ನೋಡಿದರೆ... ಅದೇ ಅಜ್ಜಿ! ಅದೇ ಈರುಳ್ಳಿ ಗೊಂಚಲು!

"ಫೋಟೊ ಹರಾಜು ಅಜ್ಜಿ."

ಸಂತೆಯವರೆಲ್ಲ ಸುಬ್ಬಜ್ಜಿ ಎನ್ನುವ ಅವಳು ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಓ... ನಮ್ಮ ದನದ ಡಾಕ್ಟ್ರು ಹೇಳ್ದದ್ದು ಇದೇಯಾ! ಪಾಪ, ಒಳ್ಳೆ ಮನ್ಶ. ನಾ ನಿದ್ದೆ ಮಾಡ್ದ ಫೋಟೊ ದೊಡ್ಡದು ಮಾಡ್ಕಂಡು ತಂದು ತೋರ್ಸ್ದ. ಖುಷಿ ಆಗ್ತದೆ ಹೇಳಿ ಮಾಡಿದ್ನೇನೋ."

"ಆಗ್ಲಿಲ್ವಾ?"

ಅಜ್ಜಿ ಈರುಳ್ಳಿ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ಬಾಯಿ ಬಿಟ್ಕಂಡು, ಸೀರೆ ಸರ್ದು, ಹೆಣದ ಹಾಂಗೆ ಬಿದ್ಕಂಡಿದ್ದೆ. ಅದನ್ನ ಯಾರೋ ಗೋಡೆಗೆ ಹಾಕಂತ್ರು. ನಾ ಸತ್ತ ಮೇಲೂ ಅವ್ರ ಮನೇಲಿ ದಣ್ಕಂಡೇ ಇರೂದಾ ತಂಗೀ? ನಂಗೆ ಅಳು ಬಂತು. ಬ್ಯಾಡ ಅಂದೆ. ನನ್ನೆದ್ರೇ ಅದನ್ನ ಹರ್ದು, ಕ್ಯಾಮೆರಾದಲ್ಲಿದ್ದದ್ನೂ ಅಳಿಸಿ ಹಾಕ್ದ. ಈ ನಾಚ್ಕೆ ಯಾರಿಗೂ ಹೇಳ್ಬ್ಯಾಡ ಹೇಳಿ ಆಣೆ ಹಾಕ್ಸಿದ್ದೆ. ಈಗ ಕಾಣು, ನಾನೇ ಹೇಳ್ದೆ!"

ವಿನುತಾ ಕರಪತ್ರಗಳನ್ನು ಚೀಲಕ್ಕೆ ತುರುಕಿದಳು. ಹರಾಜಿನ ರಾಣಿ ಎಂದು ಊರೆಲ್ಲ ಕುಣಿದಿದ್ದ ತಾನು, ಈ ರಾಣಿಯನ್ನು ಒಂದು ಮಾತು ಕೇಳಬೇಕೆಂದು ಯೋಚಿಸಿಯೂ ಇರಲಿಲ್ಲ...

"ಅಜ್ಜೀ, ನಿಮಗೆ ಹೇಗೆ ಬೇಕೋ ಹಾಗೆ ತೆಗೆದ್ರೆ?"

ಅಜ್ಜಿಯ ಕಣ್ಣು ಮಿನುಗಿತು. "ಮದ್ವೆ ಮನೆಗೆ ಹಾಡೂಕೆ ಹೋಗೂವಾಗಿನ ಹಾಂಗೆ. ಮಣಿಸರ ಎಲ್ಲಾ ಹಾಕಂಡು, ನೆಟ್ಟಗೆ ನಿತ್ಕಂಡು!"

ವಿನುತಾ ಓಡಿದಳು. ದನದ ಆಸ್ಪತ್ರೆಯ ಹಿತ್ತಲಲ್ಲಿ ಸುಹಾಸ ಭುಜದವರೆಗೆ ಕೈಗವಸು ಹಾಕಿಕೊಂಡು ಆಕಳೊಂದನ್ನು ಪರೀಕ್ಷಿಸುತ್ತಿದ್ದ.

"ಕ್ಷಮೆ ಕೇಳೂಕೆ ಬಂದೆ."

ಅವನು ಬೆಚ್ಚಿದ. "ಈಗ್ಲಾ? ನನ್ನ ಕೈ ಆಕಳ ಹೊಟ್ಟೇಲಿ ಅದೆ..."

"ಈಗ್ಲೇ! ಸುಬ್ಬಜ್ಜಿ ಎಲ್ಲಾ ಹೇಳಿದ್ರು. ನಾನು ಬಾಯಿಗೆ ಬಂದದ್ದು ಹೇಳ್ದೆ. ನೀವು ಒಂದು ಮಾತೂ ಆಡ್ಲಿಲ್ಲ. ಯಾಕೆ ಸುಹಾಸ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳಿದ್ರೆ ಅಜ್ಜಿ ನಾಚಿಕೆ ಊರಿಗೆಲ್ಲ ಆಗ್ತಿತ್ತು. ಹೇಳ್ದೇ ಇದ್ರೆ ನಿಮ್ಮ ಕೋಪ ಒಂದೇ." ಅವನು ಸಣ್ಣಗೆ ನಕ್ಕ. "ಅದೇ ಹೆಚ್ಚು ನೋವಾಗ್ತದೆ ಹೇಳಿ ಗೊತ್ತಿರ್ಲಿಲ್ಲ."

ಆಕಳು ಬಾಲ ಬೀಸಿತು. ಅಳುತ್ತಿದ್ದವಳು ನಕ್ಕೇಬಿಟ್ಟಳು.

ಮರುದಿನ ಅಜ್ಜಿಯ ಅಂಗಳದಲ್ಲಿ ಫೋಟೊ ತೆಗೆಯುವಾಗ ವಿನುತಾ ಕನ್ನಡಿ ಹಿಡಿದು ನಿಂತಿದ್ದಳು. ಸುಬ್ಬಜ್ಜಿ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿ, ಮದುವೆ ಹಾಡನ್ನೇ ಎತ್ತಿಬಿಟ್ಟಳು. ಸುಹಾಸನ ಗಮನ ತಪ್ಪಿ ಮೊದಲ ಫೋಟೊಗಳೆಲ್ಲ ಕೆಟ್ಟವು!

ಹರಾಜಿನ ಸಂಜೆ ಹೊನ್ನಾವರದ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಲತಮ್ಮನ ಹಪ್ಪಳಕ್ಕೆ ಅವರ ಅತ್ತಿಗೆಯೇ ಹಟ ಹಿಡಿದು ಕೂಗಿ ಗೆದ್ದರು. ಜಟ್ಟನ ಬೆಳಗನ್ನು ಗಲ್ಫ್‌ನಿಂದ ರಜೆಗೆ ಬಂದಿದ್ದ ಭಟ್ಕಳದವರೊಬ್ಬರು ಕೊಂಡರು. "ಅಲ್ಲಿ ನಮ್ಮೂರಿನ ಸಮುದ್ರ ಕಾಣ್ಬೇಕು," ಎಂದರು.

ಕೊನೆಗೆ ಸುಬ್ಬಜ್ಜಿಯ ಚಿತ್ರ ಬಂತು. ಮಣಿಸರಗಳ ರಾಶಿಯ ಮೇಲೆ ಎತ್ತಿ ಹಿಡಿದ ಮುಖ, ಹಾಡುತ್ತಿರುವ ಬಾಯಿ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಎದ್ದು ನಿಂತು, "ಜೋರಾಗಿ ಕೂಗಿ! ನಾ ಅಷ್ಟು ಸಸ್ತಾ ಅಲ್ಲ!" ಎಂದಾಗ ಸಭೆಯೇ ನಗೆಯಲ್ಲಿ ಮುಳುಗಿತು. ಅತಿ ದೊಡ್ಡ ಕೂಗು ಆ ಚಿತ್ರಕ್ಕೇ ಬಂತು. ಪ್ರತಿ ಮಗುವಿಗೂ ಲೈಫ್ ಜಾಕೆಟ್ ಸಿಗುತ್ತದೆ ಎಂದು ಪವಿತ್ರಾ ಸಾರುತ್ತಿದ್ದಂತೆ ವಿನುತಾ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಜನ ಚದುರಿದ ಮೇಲೆ ಇಬ್ಬರೂ ಖಾಲಿ ಗೋಡೆಯ ಮುಂದೆ ಉಳಿದರು.

"ಇಷ್ಟು ದಿನ ಜೊತೆಗೆ ತಿರುಗಿದ್ವಿ," ಎಂದಳು ವಿನುತಾ ನೆಲ ನೋಡುತ್ತ. "ನನ್ನದೊಂದು ಫೋಟೊನೂ ತೆಗೀಲಿಲ್ಲ ನೀವು."

"ಕೇಳೂಕೆ ಧೈರ್ಯ ಬರ್ಲಿಲ್ಲ."

"ಫೋಟೊಕ್ಕೆ ಇಷ್ಟು ಹೆದರಿಕೆಯಾ?"

"ಫೋಟೊಕ್ಕಲ್ಲ..." ಸುಹಾಸ ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು ಹತ್ತಿರ ಬಂದ. "ಒಂದು ಕೇಳಿದ್ರೆ ಅಲ್ಲಿಗೇ ನಿಲ್ಲೂದಿಲ್ಲ ಹೇಳಿ ಹೆದರಿಕೆ. ನಾಳೆ ನಿಮ್ಮ ಮನೆಗೆ ಬಂದು ನಿಮ್ಮ ಅಮ್ಮನ್ನೂ ಕೇಳ್ಬೇಕು ಅನ್ನಿಸ್ತದೆ. ಬರ್ಲಾ ವಿನುತಾ?"

ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಬನ್ನಿ. ಅಮ್ಮ ಬೇಗ ಒಪ್ಪೂದಿಲ್ಲ... ಎರಡು ಲೋಟ ಚಾ ಕುಡಿಯೋ ತನಕ ಸತಾಯಿಸ್ತ್ರು."

"ಮತ್ತೆ ನೀವು?"

"ನಾನಾ?" ಅವಳು ಮೆಲ್ಲನೆ ಅವನ ಕೈ ಹಿಡಿದಳು. "ನಾನು ಆಗ್ಲೇ ಒಪ್ಪಿ ಆತು."