ಮೊಣಕಾಲಿನ ಕೆಳಗೆ

ಬಾಗಿಲು ತೆರೆದಾಗ ಹೊರಗೆ ದಿಲೀಪ ನಿಂತಿದ್ದ. ಸಂಘಮಿತ್ರಾಳಿಗೆ ಗಾಬರಿಯಾಗಲಿಲ್ಲ, ಸಂತೋಷವೂ ಆಗಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಕೀಮೋ ಶುರುವಾದ ಮೇಲೆ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಬೆರಳ ತುದಿಗಳೂ ಜೋಮು ಹಿಡಿದಿದ್ದವು. ಕೈಯಲ್ಲಿ ಬ್ರಶ್ ಇದೆಯೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು.

"ಒಳಕ್ಕೆ ಕರೆಯಾಕಿಲ್ವಾ?" ಎಂದ.

"ಬಾ."

ಅವನು ಕುಂಟುತ್ತ ಬಂದ. ಆ ಕುಂಟುನಡಿಗೆಗೆ ಅವಳೇ ಕಾರಣ. ಅವರಿಬ್ಬರ ಮದುವೆ ನಿಶ್ಚಯವಾಗಿದ್ದ ವರ್ಷ, ಚನ್ನರಾಯಪಟ್ಟಣದ ಹೈವೇಯಲ್ಲಿ ಬೈಕ್ ಓಡಿಸುತ್ತಿದ್ದವಳು ಅವಳು. ಬೈಕ್ ಉರುಳಿ, ಹಿಂದೆ ಕೂತಿದ್ದ ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವಳಿಗೊಂದು ಗೀರೂ ಆಗಲಿಲ್ಲ. ಆಸ್ಪತ್ರೆಗೆ ಹೋಗಿ ಅವನ ಮುಖ ನೋಡುವ ಧೈರ್ಯ ಬಾರದೆ ನಂಬರ್ ಬದಲಿಸಿದಳು. ಸಾಲಗಾಮೆಯಲ್ಲಿ ಈ ಬಾಡಿಗೆ ಮನೆ ಹಿಡಿದು, ಯಾರೊಂದಿಗೂ ಬೆರೆಯದೆ, ಚಿತ್ರ ಬರೆಯುತ್ತ ಉಳಿದಳು.

ಗೋಡೆಯ ತುಂಬ ಅವನೇ ಇದ್ದ. ಕೆರೆ ಏರಿಯ ಮೇಲೆ ಓಡುವ ದಿಲೀಪ, ತೆಂಗಿನಮರ ಹತ್ತುವ ದಿಲೀಪ. ಎಲ್ಲದರಲ್ಲೂ ಎರಡು ಕಾಲು.

ಅವನು ಒಂದೊಂದನ್ನೂ ನಿಧಾನವಾಗಿ ನೋಡಿ, ತುಟಿಯಂಚಲ್ಲಿ ನಕ್ಕ. "ಯಾರಿವ್ನು? ನನಗಿಂತ ಚೆನ್ನಾಗವ್ನೆ."

"ನಾನು ಸಾಯ್ತಿದೀನಿ ದಿಲೀಪ. ಅಷ್ಟರಲ್ಲಿ ನಿನ್ ಕಾಲು ವಾಪಸ್ ಕೊಡಾಣ ಅಂತ..."

"ಗೊತ್ತು ಕಣೇ. ನಿಮ್ಮಕ್ಕ ಯೋಳಿದ್ರು, ಅದುಕ್ಕೇ ಬಂದೆ." ಅವನ ನಗು ಆರಿತು. "ಕಾಲು ಓಯ್ತು ಅಂತ ನಿನ್ ಮೇಲೆ ಸಿಟ್ಟಿರ್ನಿಲ್ಲ. ವಾರ್ಡಿನ ಬಾಗಿಲನ್ನೇ ನೋಡ್ಕೊಂಡು ಮಲಗಿದ್ದೆ. ನೀನು ಬರ್ನೇ ಇಲ್ಲ. ಅದುಕ್ಕೆ ಸಿಟ್ಟಿತ್ತು."

"ಈಗ?"

"ಈಗ್ಲೂ ಅದೆ." ಅವನು ಅವಳ ಕೂದಲಿಲ್ಲದ ತಲೆಯನ್ನು, ಬಣ್ಣ ಅಂಟಿದ ಗಲ್ಲವನ್ನು ನೋಡಿದ. "ಪ್ರೀತಿನೂ ಅದೆ. ಏನ್ ಮಾಡ್ಲಿ?"

ಅವನು ಸ್ಟೂಲಿನ ಮೇಲೆ ಕೂತು, ಪ್ಯಾಂಟ್ ಮಡಚಿ, ಕೃತಕ ಕಾಲನ್ನು ಬಿಚ್ಚಿ ಗೋಡೆಗೊರಗಿಸಿದ.

"ಈಗ ಬರಿ. ನೋಡ್ಕೊಂಡು ಬರಿ."

ಇಷ್ಟು ವರ್ಷ ನೋಡಲಾರದೆ ಓಡಿದ್ದನ್ನು ಸಂಘಮಿತ್ರಾ ನೋಡಿದಳು. ಹೊಲಿಗೆಯ ಗುರುತು, ಸುಕ್ಕುಗಟ್ಟಿದ ಚರ್ಮ, ಬೆಲ್ಟ್ ಉಜ್ಜಿ ಕೆಂಪಾದ ಜಾಗ. ಹೊಸ ಕ್ಯಾನ್‌ವಾಸ್ ಎಳೆದುಕೊಂಡಳು. ಗೆರೆ ನಡುಗಿತು. ಅಳಿಸಲಿಲ್ಲ.

ಬಿಸಿಲು ಕಿಟಕಿ ದಾಟಿದರೂ ಚಿತ್ರ ಅರ್ಧವೂ ಆಗಿರಲಿಲ್ಲ.

"ನಾಳೆನೂ ಬತ್ತೀನಿ," ಎಂದ ಅವನು. "ನೀನಿರೋಗಂಟ ಬತ್ತೀನಿ."

ಅವಳ ಕಣ್ಣು ತುಂಬಿ ಅವನ ರೂಪ ಕಲಸಿಹೋಯಿತು. ತೋಳಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲಾಡ್ಬೇಡ," ಎಂದಳು.