ಶನಿವಾರದ ಚಪಾತಿ

"ಅಜ್ಜಿ, ಸೆರಗಿನ ಕೆಳಗೆ ಏನದು?"

ವಿದ್ಯಾಶ್ರೀ ಹಿತ್ತಿಲ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಳು. ಶನಿವಾರದ ಬೆಳಗಿನ ಸ್ಕೂಲು. ಆಲ್ಕೊಳ ಸರ್ಕಲ್ ತನಕ ಹೋದ ಮೇಲೆ ಜಾಮಿಟ್ರಿ ಬಾಕ್ಸ್ ಮರೆತದ್ದು ನೆನಪಾಗಿ ಓಡಿ ಬಂದಿದ್ದಳು. ಬಂದು ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಣ್ಣಮ್ಮಜ್ಜಿ ಕೂತಿದ್ದಾಳೆ. ಎದುರಿಗೆ ನಾಯಿ ಸಾಸಿವೆ ಮೂತಿ ನೆಕ್ಕಿಕೊಳ್ಳುತ್ತಿದೆ.

"ಏನಿಲ್ಲ ಮಾರಾಯ್ತಿ. ನಿಂಗೆ ಸ್ಕೂಲಿಗೆ ಹೊತ್ತಾಗಲ್ವಾ?" ಎಂದಳು ಅಜ್ಜಿ.

ಏನಿಲ್ಲವಂತೆ. ಸೆರಗಿನ ಮೇಲೆ ಅಂಗೈಯಗಲ ಎಣ್ಣೆ ಕಲೆ ಎದ್ದು ಕಾಣುತ್ತಿತ್ತು. ವಿದ್ಯಾಶ್ರೀ ಸೆರಗು ಸರಿಸಿದಳು. ಎಳ್ಳೆಣ್ಣೆಯಲ್ಲಿ ಅದ್ದಿದ ಚಪಾತಿ. ಅರ್ಧ ಆಗಲೇ ಖಾಲಿ.

ವಿದ್ಯಾಶ್ರೀಗೆ ಹೊಟ್ಟೆ ಉರಿದುಹೋಯಿತು. ಸಾಸಿವೆ ಟೆರಿಯರ್ ಜಾತಿಯ ಪುಟಾಣಿ ನಾಯಿ. ಕಪ್ಪಗೆ, ಚಿಕ್ಕದಾಗಿ ಇತ್ತು ಅಂತಲೇ ಆ ಹೆಸರು. ಈಗ ಬಣ್ಣವೊಂದೇ ಸಾಸಿವೆಯದು, ಮೈಯೆಲ್ಲ ಕುಂಬಳಕಾಯಿ. ಪಶು ಆಸ್ಪತ್ರೆಯ ಡಾಕ್ಟರ್ ಸೀತಾಲಕ್ಷ್ಮಿ ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಕೈಯಿಟ್ಟರೆ ಪಕ್ಕೆಲುಬು ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು, ಹಾಗಿದ್ದರೆ ಇಂಥ ನಾಯಿ ಹದಿನೈದು ವರ್ಷ ಆರಾಮಾಗಿ ಓಡಾಡಿಕೊಂಡಿರುತ್ತೆ ಎಂದಿದ್ದರು. ಅಂದಿನಿಂದ ಬೆಳಿಗ್ಗೆ ಒಂದು ಕಪ್ ನಾಯಿ ಆಹಾರದ ಕಾಳು, ಸಂಜೆ ಒಂದು ಕಪ್ ಕಾಳು. ತೀರಾ ಗೋಗರೆದರೆ ಸೌತೆಕಾಯಿ ಚೂರು.

ಇಷ್ಟೆಲ್ಲ ಮಾಡಿದರೂ ತೂಕ ಇಳಿಯಲಿಲ್ಲ, ಏರಿತು. ಅಮ್ಮನೇ ತಟ್ಟೆಯಲ್ಲಿ ಉಳಿದದ್ದನ್ನು ಹಾಕುತ್ತಾಳೆ ಎಂದು ವಿದ್ಯಾಶ್ರೀ ಜಗಳ ತೆಗೆದಳು. ಹಿಂದೆಂದೋ ಬಿಸ್ಕತ್ ಹಾಕಿದ್ದ ಪಕ್ಕದ ಮನೆಯ ಪುಟ್ಟಪ್ಪನವರ ಜೊತೆ ಮಾತು ಬಿಟ್ಟಳು. ಈಚೆಗೆ ಸಾಸಿವೆಯ ಹಿಂಗಾಲಿನ ಮಂಡಿಚಿಪ್ಪು ಜಾರುತ್ತಿತ್ತು. ಆಪರೇಷನ್ ಮಾಡಲೇಬೇಕು, ಆದರೆ ಇಷ್ಟು ಕೊಬ್ಬಿಟ್ಟುಕೊಂಡು ಮತ್ತಿನ ಇಂಜೆಕ್ಷನ್ ಕೊಟ್ಟರೆ ಎಚ್ಚರವಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ ಎಂದಿದ್ದರು ಡಾಕ್ಟರ್.

"ಯಾವಾಗಿಂದ ಕೊಡ್ತಿದೀಯ ಅಜ್ಜಿ?"

ಅಜ್ಜಿ ತಡವರಿಸುತ್ತಾ ಎಲ್ಲ ಹೇಳಿದಳು. ಅಪ್ಪ ದೇವರಾಜ್‌ಗೆ ಭದ್ರಾವತಿಯಲ್ಲಿ ಕೆಲಸ, ದಿನವೂ ಬೈಕಿನಲ್ಲೇ ಹೋಗಿಬರುವುದು. ಹೋದ ವರ್ಷ ಎರಡು ಸಲ ಬಿದ್ದಿದ್ದ. ಎರಡನೇ ಸಲ ಕೈ ಮುರಿಯಿತು. ಜಾತಕ ನೋಡಿದವರು ಶನಿಕಾಟ ಎಂದರು. ಶನಿವಾರ ಕರಿ ನಾಯಿಗೆ ಎಳ್ಳೆಣ್ಣೆ ಚಪಾತಿ ತಿನ್ನಿಸಿ ಎಂದರು. ಮನೆಯಲ್ಲೇ ಕರಿ ನಾಯಿ ಇರುವಾಗ ಅಜ್ಜಿ ಬೀದಿಗೆ ಯಾಕೆ ಹೋಗುತ್ತಾಳೆ?

"ವಾರಕ್ಕೆ ಒಂದೇನಾ?"

ಅಜ್ಜಿ ನೆಲ ನೋಡಿದಳು. "ಆ ಭದ್ರಾವತಿ ರೋಡಲ್ಲಿ ಕೆಲಸ ಶುರುವಾದ್ಮೇಲೆ ದಿನಾ ಕೊಡ್ತಿದೀನಿ. ಎಲ್ಲಾ ಕಡೆ ಅಗೆದು ಹಾಕಿದಾರಂತೆ ಕಣೆ. ಅವತ್ತಿಂದ ನಿಮ್ಮಪ್ಪ ಬಿದ್ದಿದಾನಾ, ನೀನೇ ಹೇಳು."

"ಅದಕ್ಕೆ ಸಾಸಿವೆ ಸಾಯಬೇಕಾ? ಇನ್ನೊಂದು ಚೂರು ಕೊಟ್ರೂ ನಾನು ನಿನ್ನ ಹತ್ರ ಮಾತಾಡಲ್ಲ."

ಉಳಿದರ್ಧ ಚಪಾತಿಯನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದು ವಿದ್ಯಾಶ್ರೀ ಸ್ಕೂಲಿಗೆ ಹೋದಳು. ಅಜ್ಜಿ ಎಣ್ಣೆಗೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದಳು.

ಆರು ಗಂಟೆಗೆಲ್ಲ ಬರಬೇಕಾದ ಅಪ್ಪ ಅವತ್ತು ಏಳಾದರೂ ಬರಲಿಲ್ಲ. ಅಮ್ಮ ಫೋನ್ ಮಾಡಿದಳು, ಸ್ವಿಚ್ ಆಫ್. ಮತ್ತೆ ಮಾಡಿದಳು, ಮತ್ತೆ ಸ್ವಿಚ್ ಆಫ್. ಅಪ್ಪನ ಆಫೀಸಿನವರನ್ನು ಕೇಳಿದರೆ ಆಗಲೇ ಹೊರಟಾಯಿತು ಎಂದರು. ಅಮ್ಮ ಗೇಟಿನ ಹತ್ತಿರ ಹೋಗಿ ನಿಂತಳು.

ಅಜ್ಜಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ನಿನ್ನಿಂದಲೇ ಹೀಗಾಯಿತು ಎಂದು ಬೈದಿದ್ದರೆ ವಿದ್ಯಾಶ್ರೀ ಜಗಳವಾದರೂ ಆಡುತ್ತಿದ್ದಳು. ಆದರೆ ಅಜ್ಜಿ ಹೊರಗೆ ಬೈಕಿನ ಸದ್ದು ಕೇಳಿದಾಗೆಲ್ಲ ಕತ್ತು ಎತ್ತುತ್ತಿದ್ದಳು, ಅಷ್ಟೇ.

ನಾಯಿ ಚಪಾತಿ ತಿನ್ನುವುದಕ್ಕೂ ಬೈಕ್ ಬೀಳುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ವಿದ್ಯಾಶ್ರೀಗೆ ಅದು ಚೆನ್ನಾಗಿ ಗೊತ್ತು. ಆದರೂ ಕಾಲು ತಾನಾಗಿ ಅಡುಗೆಮನೆಗೆ ನಡೆಯಿತು. ಹಾಟ್‌ಬಾಕ್ಸಿನಿಂದ ಒಂದು ಚಪಾತಿ ತೆಗೆದುಕೊಂಡು ಹಿತ್ತಿಲಿಗೆ ಹೋದಳು.

ಸಾಸಿವೆ ಹಿಂಗಾಲನ್ನು ಮೇಲೆತ್ತಿಕೊಂಡು ಕುಂಟುತ್ತಾ ಬಂತು. ನಾಲ್ಕು ಹೆಜ್ಜೆಗೇ ತೇಕುತ್ತಿತ್ತು. ಅದನ್ನು ನೋಡಿ ವಿದ್ಯಾಶ್ರೀಗೆ ಅಳು ಬಂತು. ಅಳುತ್ತಲೇ ಚಪಾತಿ ಮುಂದೆ ಹಿಡಿದಳು.

ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದುಕೊಂಡರು. ಅಜ್ಜಿ.

"ಬೇಡ ಪುಟ್ಟಿ."

"ಅಪ್ಪ ಬರ್ಲಿ ಅಂತ ಅಜ್ಜಿ..."

"ಗೊತ್ತು," ಎಂದಳು ಅಜ್ಜಿ. "ನಂಗೊತ್ತಿಲ್ವಾ?"

ಅಜ್ಜಿ ಚಪಾತಿಯಿಂದ ಉಗುರಿನಷ್ಟು ಚೂರು ಮುರಿದು, ಡಾಕ್ಟರನ್ನು ಕೇಳುವ ಹಾಗೆ ಮೊಮ್ಮಗಳನ್ನು ಕೇಳಿದಳು. "ಎಣ್ಣೆ ಇಲ್ಲ. ಇಷ್ಟೇ ಇಷ್ಟು. ಇದಕ್ಕೇನೂ ಆಗಲ್ಲ ಅಲ್ವಾ?"

ವಿದ್ಯಾಶ್ರೀ ಏನೂ ಆಗಲ್ಲವೆಂದು ತಲೆಯಾಡಿಸಿದಳು. ಸಾಸಿವೆ ಆ ಚೂರನ್ನು ಗುಳುಂ ಮಾಡಿ ಇನ್ನೂ ಬೇಕೆಂದು ಮುಖ ನೋಡಿತು. ಇಬ್ಬರೂ ಕೊಡಲಿಲ್ಲ.

ಇನ್ನಷ್ಟು ಹೊತ್ತು ಕಾಯಿಸಿ ಅಪ್ಪ ಬಂದ. ದಾರಿಯಲ್ಲಿ ಪಂಕ್ಚರ್, ಫೋನಿನಲ್ಲಿ ಚಾರ್ಜ್ ಇಲ್ಲ, ಪಂಕ್ಚರ್ ಅಂಗಡಿ ಸಿಗುವ ತನಕ ಗಾಡಿ ತಳ್ಳಿದ್ದೇ ತಳ್ಳಿದ್ದು ಎಂದು ಗೊಣಗುತ್ತಾ ಒಳಗೆ ಬಂದವನು ಮಗಳ ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳಿದ. ಅಜ್ಜಿ ಗಾಬರಿಯಿಂದ ವಿದ್ಯಾಶ್ರೀಯ ಕಡೆ ನೋಡಿದಳು.

"ಈರುಳ್ಳಿ ಹೆಚ್ತಿದ್ದೆ ಅಪ್ಪ," ಎಂದಳು ವಿದ್ಯಾಶ್ರೀ.

ಮಾರನೆಯ ಬೆಳಿಗ್ಗೆ ಅಪ್ಪ ಬೈಕಿಗೆ ಹೊಸ ಟೈರ್ ಹಾಕಿಸಲು ಹೊರಟ. ಅಜ್ಜಿ ಕಿಟಕಿಯಲ್ಲಿ ನಿಂತು ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಅಡುಗೆಮನೆಯ ಕಡೆ ಮಾತ್ರ ಹೋಗಲಿಲ್ಲ.

ವಿದ್ಯಾಶ್ರೀ ತಾನೇ ಹೋಗಿ ಚಪಾತಿಯ ಅಂಚಿನಿಂದ ಉಗುರಿನಷ್ಟು ಮುರಿದು ತಂದು ಅಜ್ಜಿಯ ಅಂಗೈಯಲ್ಲಿಟ್ಟಳು. ಆಮೇಲೆ ಸಾಸಿವೆಯ ಕಪ್‌ಗೆ ಕಾಳು ತುಂಬಿ, ಆ ಚೂರಿನ ಲೆಕ್ಕಕ್ಕೆ ಅದರಿಂದ ಎರಡು ಕಾಳು ಹೆಕ್ಕಿ ವಾಪಸ್ ಡಬ್ಬಿಗೆ ಹಾಕಿದಳು.