ಗೋಡೆ ಮೇಲಿನ ‘ತೆಗೆ’

ಇದನ್ನು ಪೂರ್ತಿ ಕೇಳಿಬಿಡಿ. ಆಮೇಲೆ ಚೂಟಿಗೆ ಬೈಯಬೇಕು ಅನಿಸಿದರೆ ಬೈಯಿರಿ.

“ತಲೆ ಬಗ್ಗಿಸೋ, ಕಾಣಿಸ್ತೀಯ!” ಹಳೇ ಟೈರುಗಳ ರಾಶಿಯ ಹಿಂದೆ ಕೂತಿದ್ದ ಚೂಟಿ ಪಿಸುಗುಟ್ಟಿದಳು.

“ಬಗ್ಗಿದ್ರೆ ಕನ್ನಡಕ ಜಾರುತ್ತೆ ಕಣೇ,” ಎಂದ ಪಕ್ಕದ ಮನೆಯ ಸೋಡಾಬುಡ್ಡಿ.

ಬೀದಿಯಲ್ಲಿ ಒಬ್ಬಳು ಹೆಂಗಸು ಬರುತ್ತಿದ್ದಳು. ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಒಂದೇ ಒಂದು ಚಕ್ರ. ಒಂದು ಮೀಟರ್ ಉರುಳಿದರೆ ‘ಟಕ್’ ಅನ್ನುತ್ತಿತ್ತು. ಚರಂಡಿಯ ಒಡೆದ ಚಪ್ಪಡಿ ಕಂಡರೆ ನಿಂತು ಪುಸ್ತಕದಲ್ಲಿ ಬರೆಯುವಳು. ಫುಟ್‌ಪಾತ್ ಮೇಲೆ ನಿಲ್ಲಿಸಿದ ಸ್ಕೂಟರ್ ಕಂಡರೂ ಬರೆಯುವಳು.

“ಪಾಪ, ಸೈಕಲ್ಲಿಂದು ಮಿಕ್ಕಿದ್ದೆಲ್ಲ ಯಾರು ಕದ್ರೋ!” ಸೋಡಾಬುಡ್ಡಿ ಕಿಸಕ್ಕೆಂದ.

“ನಗಬೇಡ. ಅಳೆಯೋರು ಸುಮ್ಮನೆ ಬರಲ್ಲ. ನಮ್ಮ ಹಳೇ ಅಂಗಡೀನೂ ಹಿಂಗೇ ಅಳೆದಿದ್ರು. ಹದಿನೈದೇ ದಿನಕ್ಕೆ ಅಂಗಡೀನೇ ಇರ್ಲಿಲ್ಲ.”

ಅದು ನಿಜ. ಆಮೇಲೆಯೇ ಚೂಟಿಯ ಅಮ್ಮ ಪಂಕ್ಚರ್ ಅಂಗಡಿಯನ್ನು ಇಲ್ಲಿಗೆ ತಂದಿದ್ದು. ನಾಲ್ಕು ತಗಡು, ಒಂದು ಪಂಪು, ನೀರಿನ ಬೋಗುಣಿ. ಬೀದಿ ಮುಗಿಯುವ ಕಡೆ ಇರುವ ಎತ್ತರದ ಗೋಡೆಗೆ ಒರಗಿಕೊಂಡೇ ಅಂಗಡಿ. ಗೋಡೆಯ ಆಚೆಗೇ ಸ್ಕೂಲು. ಬೆಲ್ ಹೊಡೆದರೆ ಅಂಗಡಿಗೆ ಕೇಳಿಸುತ್ತದೆ. ಆದರೆ ಹೋಗಬೇಕಾದರೆ ಲಾರಿಗಳು ಓಡುವ ಮೇನ್ ರೋಡ್ ಸುತ್ತಿಕೊಂಡೇ ಹೋಗಬೇಕು.

ಟಕ್, ಟಕ್, ಟಕ್. ಚಕ್ರ ಅಂಗಡಿಯ ಪಕ್ಕದಲ್ಲೇ ನಿಂತಿತು. ಹೆಂಗಸು ಗೋಡೆಯನ್ನು ತಟ್ಟಿ ನೋಡಿದಳು. ಕೆಂಪು ಸೀಮೆಸುಣ್ಣ ತೆಗೆದು, ತಗಡಿನಿಂದ ಎರಡೇ ಗೇಣು ದೂರದಲ್ಲಿ ದಪ್ಪಗೆ ಬರೆದಳು: ‘ತೆಗೆ’.

ಚೂಟಿ ಸೋಡಾಬುಡ್ಡಿಯ ತೋಳು ಹಿಡಿದು ಎಳೆದಳು. “ನೋಡಿದ್ಯಾ? ಅಂಗಡಿ ತೆಗೆ ಅಂತ!”

ಮಾತು ಕೇಳಿ ಹೆಂಗಸು ತಿರುಗಿದಳು. “ಓ, ಇಲ್ಲಿದ್ದೀರಾ? ಪುಟ್ಟಾ, ಈ ಬೀದಿಯಿಂದ ಎಷ್ಟು ಮಕ್ಕಳು ನಡ್ಕೊಂಡೋ ಸೈಕಲ್ಲಲ್ಲೋ ಸ್ಕೂಲಿಗೆ ಹೋಗ್ತೀರಾ?”

ಬೆಣ್ಣೆಯಂಥ ಮಾತು. ಹಳೇ ಅಂಗಡಿ ಅಳೆದವರೂ ಹೀಗೇ ಮಾತಾಡಿದ್ದರು. ‘ಏನೂ ಆಗಲ್ಲಮ್ಮಾ’ ಅಂದಿದ್ದರು.

“ಯಾರೂ ಹೋಗಲ್ಲ,” ಎಂದಳು ಚೂಟಿ.

“ಒಬ್ರೂ?”

“ಒಬ್ರೂ ಇಲ್ಲ. ಎಲ್ಲಾ ವ್ಯಾನಲ್ಲಿ ಹೋಗ್ತೀವಿ.”

ಸೋಡಾಬುಡ್ಡಿ ಬಾಯಿ ತೆರೆದ. ಚೂಟಿ ಅವನ ಕಾಲು ತುಳಿದಳು. ಬಾಯಿ ಮುಚ್ಚಿತು.

ಹೆಂಗಸು ಪುಸ್ತಕದಲ್ಲಿ ಸೊನ್ನೆ ಬರೆದು ಹೊರಟಳು. ಅವಳು ತಿರುವು ದಾಟಿದ್ದೇ ತಡ, ಚೂಟಿ ಬೋಗುಣಿಯಲ್ಲಿ ಬಟ್ಟೆ ಅದ್ದಿ ತಿಕ್ಕಿ ತಿಕ್ಕಿ ‘ತೆಗೆ’ಯನ್ನೇ ತೆಗೆದುಬಿಟ್ಟಳು!

ಮರುದಿನ ಬೆಳಿಗ್ಗೆ ಮೇನ್ ರೋಡಿನಲ್ಲಿ ಚೂಟಿ, ಸೋಡಾಬುಡ್ಡಿ ಸೇರಿ ಬೀದಿಯ ನಾಲ್ಕು ಮಕ್ಕಳು ಸ್ಕೂಲಿಗೆ ನಡೆದು ಹೋಗುತ್ತಿದ್ದರು. ಸೋಡಾಬುಡ್ಡಿಯ ಪುಟ್ಟ ತಂಗಿ ಚೂಟಿಯ ಕೈ ಹಿಡಿದಿದ್ದಳು. ಟಕ್, ಟಕ್. ಎದುರಿಗೇ ಚಕ್ರ!

“ಏನಮ್ಮಾ, ನಿಮ್ಮ ವ್ಯಾನ್ ಎಲ್ಲಿ?” ಎಂದಳು ಹೆಂಗಸು.

ಚೂಟಿ ಪಕ್ಕಕ್ಕೆ ಸರಿದು ದಾಟಿ ಹೋಗಲು ನೋಡಿದಳು.

“ನಿಮ್ಮ ಬೀದಿಯಿಂದ ಹೀಗೆ ಸುತ್ತಿ ಬಂದ್ರೆ ಸಾವಿರದ ಇನ್ನೂರು ಮೀಟರ್. ಆ ಗೋಡೆ ತೆಗೆದ್ರೆ ನೂರ ನಲವತ್ತು.”

“ಗೋಡೆನಾ? ತೆಗೆ ಅಂದಿದ್ದು ಅಂಗಡಿಗಲ್ವಾ?”

“ಅಯ್ಯೋ, ಬಾಗಿಲು ತೆಗೆ ಅಂದ್ರೆ ಬಾಗಿಲು ಕಿತ್ತು ಎಸೀತೀಯಾ? ಅಲ್ಲೊಂದು ದಾರಿ ತೆಗೆಯೋಣ ಅಂತ ಬರೆದೆ. ನಡೆಯೋರಿಗೆ, ಸೈಕಲ್ಲಿಗೆ.”

ಸೋಡಾಬುಡ್ಡಿ ಪಕಪಕ ನಕ್ಕ. ಚೂಟಿ ನಗಲಿಲ್ಲ. “ಹಂಗಾದ್ರೆ ಅಂಗಡಿ ಮುಟ್ಟಲ್ಲ ಅಂತ ಪ್ರಾಮಿಸ್ ಮಾಡಿ.”

ಹೆಂಗಸು ಚೂಟಿಯ ಎತ್ತರಕ್ಕೆ ಬಗ್ಗಿದಳು. “ಆಗಲ್ಲ ಪುಟ್ಟಾ. ನಾನು ಬರೀ ಅಳೆಯೋಳು. ತೀರ್ಮಾನ ನಗರಸಭೆ ಆಫೀಸಿಂದು. ಅಂಗಡಿ ಉಳಿಸಿ ಅಂತ ಬರೀತೀನಿ, ಅಷ್ಟೇ ನನ್ನ ಕೈಲಾಗೋದು. ಆದ್ರೆ ಮಕ್ಕಳೇ ಕಮ್ಮಿ ಅಂದ್ರೆ ಗೋಡೆ ಹಂಗೇ ನಿಂತಿರುತ್ತೆ. ನಾನೀಗ ಕಂಡಿದ್ದು ನಾಲ್ಕು ಜನ. ನಾಲ್ಕು ಅಂತ್ಲೇ ಬರೀಲಾ?”

ಹ್ಞೂಂ ಅಂದರೆ ಸಾಕಿತ್ತು. ಗೋಡೆ ಉಳಿಯುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು.

ಅಷ್ಟರಲ್ಲಿ ಹಾರ್ನ್ ಹೊಡೆಯುತ್ತಾ ಒಂದು ಲಾರಿ ಪಕ್ಕದಲ್ಲೇ ನುಗ್ಗಿತು. ಪುಟ್ಟ ತಂಗಿ ಚೂಟಿಯ ಕೈ ಬಿಗಿಹಿಡಿದು ಅವಳ ಬೆನ್ನ ಹಿಂದೆ ಮುಖ ಮರೆಸಿಕೊಂಡಳು. ಧೂಳು ಇಳಿದ ಮೇಲೂ ಅವಳ ಬೆರಳು ಸಡಿಲವಾಗಲಿಲ್ಲ.

ಚೂಟಿ ಹೆಂಗಸಿನ ಮುಖವನ್ನೇ ನೋಡಿದಳು. ‘ಪ್ರಾಮಿಸ್’ ಎಂದುಬಿಡಬಹುದಿತ್ತು ಇವಳು. ಅನ್ನುವುದು ಎಷ್ಟು ಸುಲಭ! ಆದರೂ ಅನ್ನಲಿಲ್ಲ.

“ಇಪ್ಪತ್ತಮೂರು,” ಎಂದಳು ಚೂಟಿ ಮೆಲ್ಲಗೆ. “ಅದ್ರಲ್ಲಿ ಸೈಕಲ್ ಆರು. ಉಳಿದೋರೆಲ್ಲ ನಡ್ಕೊಂಡೇ ಹೋಗೋದು, ಅಕ್ಕಾ.”

ಪೆನ್ಸಿಲ್ ಸರಸರ ಓಡಿತು. ಸಂಜೆ ಅಮ್ಮನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಚೂಟಿ ಆ ಪುಟ್ಟ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಆ ಅಂಗಡಿ ನಿಮ್ಮಮ್ಮನದ್ದಾಗಿದ್ದರೆ, ನೀವು ಎಷ್ಟು ಅಂತ ಹೇಳುತ್ತಿದ್ದಿರಿ?